ಗಾರೆ ಹಚ್ಚದ ಒಂದು ಮೊಳ

ಎಡಿಸನ್, ನ್ಯೂಜೆರ್ಸಿ
9 ಏಪ್ರಿಲ್ 1975

ಪ್ರೀತಿಯ ಅಕ್ಕನಿಗೆ ನಿರುಪಮಾ ಮಾಡುವ ನಮಸ್ಕಾರ.

ನಿನ್ನ ಪತ್ರ ಬಂದು ಮೂರು ವಾರವಾಯಿತು. ತಡವಾದದ್ದಕ್ಕೆ ಕೆಲಸದ ನೆಪ ಹೇಳಬಹುದು. ನಿಜವೆಂದರೆ ಏನು ಬರೆಯಬೇಕೆಂದು ತಿಳಿಯಲಿಲ್ಲ. “ನಿನ್ನ ಭಾವ ಈಗಿಲ್ಲ. ರಾಜಿಯ ಧಾರೆಗೆ ನೀವಿಬ್ಬರೂ ಕೂತುಕೊಳ್ಳಿ. ನಾನು ಉಗ್ರಾಣ ನೋಡ್ಕೋತೀನಿ, ಮಂಟಪದ ಕಡೆ ಬರೋಲ್ಲ” ಎಂದು ಬರೆದಿದ್ದೀಯೆ. ಇವರು ಓದಿ, “ಮಗಳ ಮದುವೇಲಿ ನಿಮ್ಮಕ್ಕ ಬೆಲ್ಲ ಅಳೀತಾ ಕೂತಿರ್ತಾರಾ?” ಎಂದರು.

ಈ ಮಧ್ಯೆ ಆಫೀಸಿನವರು ನ್ಯೂವಾರ್ಕ್‌ನ ಒಂದು ಪಾಳುಬಿದ್ದ ಸಿನಗಾಗ್ ಅಳೆಯಲು ನನ್ನನ್ನು ಕಳಿಸಿದ್ದರು. ಯಹೂದಿಗಳ ಪ್ರಾರ್ಥನಾಮಂದಿರ, ಮುಂದಿನ ತಿಂಗಳು ಕೆಡವುತ್ತಾರೆ, ಅಷ್ಟರೊಳಗೆ ನಕ್ಷೆ ಬರೆದಿಡಬೇಕು. ಅರವತ್ತು ವರ್ಷದ ಹಿಂದೆ ದರ್ಜಿಗಳು ಸೇರಿ ಕಟ್ಟಿದ್ದಂತೆ. ಅವರ ಮಕ್ಕಳು ಬೇರೆ ಊರುಗಳಿಗೆ ಹೋದರು, ಚಾವಣಿ ಕುಸಿಯಿತು. ಆದರೂ ಎಷ್ಟು ಚೆಂದವಿದೆ ಅಕ್ಕ. ಕುದುರೆ ಲಾಳದ ಆಕಾರದ ಕಮಾನುಗಳು, ಹೆಂಗಸರು ಕೂರುತ್ತಿದ್ದ ಮಹಡಿಯನ್ನು ಹೊತ್ತ ತೆಳ್ಳನೆಯ ಕಬ್ಬಿಣದ ಕಂಬಗಳು. ಮಹಡಿಯ ಅಂಚಿನುದ್ದಕ್ಕೂ ಹನ್ನೆರಡು ರಾಶಿಗಳ ಚಿತ್ರ, ನಮ್ಮ ಪಂಚಾಂಗದವೇ. ವೃಶ್ಚಿಕ ಬರೆದವನು ಚೇಳು ಕಂಡವನಲ್ಲ, ಏಡಿಗೆ ಬಾಲ ಅಂಟಿಸಿದ್ದಾನೆ.

ಬಾಗಿಲ ಎದುರಿನ ಗೋಡೆಯಲ್ಲಿ ಒಂದು ಮೊಳದ ಚೌಕದಷ್ಟು ಇಟ್ಟಿಗೆ ಕಾಣುತ್ತಿತ್ತು. ‘ಗಾರೆ ಉದುರಿದೆ’ ಎಂದು ಬರೆದುಕೊಂಡೆ. ಬೀಗದ ಕೈ ತಂದಿದ್ದ ಮುದುಕರು, ಆ ದರ್ಜಿಗಳಲ್ಲೊಬ್ಬರ ಮಗ ಅಡ್ಲರ್, ನಾನು ಬರೆದದ್ದನ್ನು ಇಣುಕಿ ನೋಡಿ ನಕ್ಕರು.

“ಆ ಸಾಲನ್ನ ಹೊಡೆದುಹಾಕಮ್ಮ, ಉದುರಿದ್ದಲ್ಲ ಅದು. ಇಡೀ ಕಟ್ಟಡದಲ್ಲಿ ಕಟ್ಟಿದ ದಿನ ಇದ್ದ ಹಾಗೇ ಇರೋದು ಅದೊಂದೇ.”

ಜೆರುಸಲೆಮ್ಮಿನ ತಮ್ಮ ದೇಗುಲ ಹಾಳಾದದ್ದನ್ನು ಮರೆಯಬಾರದೆಂದು, ಮನೆ ಕಟ್ಟುವಾಗ ಅಷ್ಟು ಜಾಗಕ್ಕೆ ಗಾರೆ ಹಚ್ಚದೆ ಬಿಡುವುದು ಅವರ ಪದ್ಧತಿಯಂತೆ. ದರ್ಜಿಗಳು ಇಲ್ಲಿಯೂ ಬಿಟ್ಟಿದ್ದರು.

“ಮದುವೆ ದಿನ ಏನಾದರೂ ಹಾಕಿ ಮುಚ್ಚುತ್ತಿದ್ದಿರಾ?” ಎಂದೆ.

“ಯಾಕೆ ಮುಚ್ಚಬೇಕು? ನನ್ನ ಮದುವೇನೂ ಅದರ ಮುಂದೆಯೇ ಆಯ್ತು. ಬಂದೋರಿಗೆ ಮೊದಲು ಕಾಣಲಿ ಅಂತಲೇ ಅಲ್ಲಿ ಬಿಟ್ಟಿರೋದು.”

ನಕ್ಷೆಯಲ್ಲಿ ತಿದ್ದಿದೆ.

ಬೇರೆಯವರ ಪದ್ಧತಿ ತಂದು ನಿನಗೆ ಉಪದೇಶ ಮಾಡಲು ನಾನು ಯಾರು ಎಂದೂ ಅನ್ನಿಸುತ್ತದೆ. ಆದರೂ ಕೇಳುತ್ತೇನೆ. ಜೂನ್‌ನಲ್ಲಿ ನಾವು ಬರುತ್ತೇವೆ, ಧಾರೆಗೆ ಕೂರುತ್ತೇವೆ. ಆದರೆ ನೀನು ರಾಜಿಯ ಪಕ್ಕದಲ್ಲಿ, ಬಂದವರಿಗೆಲ್ಲ ಮೊದಲು ಕಾಣುವ ಹಾಗೆ ನಿಂತರೆ ಮಾತ್ರ. ಬೆಲ್ಲ ಯಾರಾದರೂ ಅಳೆಯುತ್ತಾರೆ.

ರಾಜಿಗೆ ನನ್ನ ಆಶೀರ್ವಾದ. ಅವಳ ಮನೆ ತುಂಬಿರಲಿ.

ನಿನ್ನ ತಂಗಿ,
ನಿರುಪಮಾ

ತಾ.ಕ.: ಅಪ್ಪ ಹೋದ ಮೇಲೆ ನಡೆದ ನನ್ನ ಮದುವೆಯಲ್ಲಿ ಅಮ್ಮ ಉಗ್ರಾಣದ ಬಾಗಿಲಿಗೆ ಬಂದು ನಿಂತಿದ್ದಳು, ಆಮೇಲೆ ಒಳಗೆ ಹೋದಳು. ದೊಡ್ಡಪ್ಪ ಗದರಿಸಿ ಕಳಿಸಿದರೆಂದು ಅವರು ಸಾಯುವವರೆಗೂ ನೀನು ಅವರೊಡನೆ ಮಾತಾಡಲಿಲ್ಲ. ಕಳಿಸಿದ್ದು ದೊಡ್ಡಪ್ಪ ಅಲ್ಲ. ಗಂಡಿನ ಕಡೆಯವರು ನೋಡಿಯಾರೆಂದು, ಹಸೆಮಣೆಯ ಮೇಲೆ ಕೂತು, ಒಳಗೆ ಹೋಗೆಂದು ಅಮ್ಮನಿಗೆ ಸನ್ನೆ ಮಾಡಿದವಳು ನಾನು.