ಮೇಲಿಟ್ಟ ಚೀಟಿ

ಮಾನ್ಯ ಪ್ರೊಫೆಸರ್ ಅವರಿಗೆ,

ನಮಸ್ಕಾರ. ವಾಚನಾಲಯದ ವಿದೇಶಾಂಗ ನೀತಿ ಸಂವಾದಕ್ಕೆ ಭಾನುವಾರ ಮತ್ತೆ ಬರುತ್ತೀರಂತೆ. ಸಭಿಕರ ಪ್ರಶ್ನೆಚೀಟಿಗಳನ್ನು ನಿಮ್ಮ ಕೈಗೆ ಕೊಡುವ ಅಟೆಂಡರ್ ನಾನೇ. ಹೋದ ಸಲ ನನ್ನ ಚೀಟಿಯನ್ನೇ ಎಲ್ಲಕ್ಕಿಂತ ಮೇಲಿಟ್ಟಿದ್ದೆ: ಮಗಳು ನೀವು ಮಾತಾಡಿದ ದೇಶದಲ್ಲೇ ನರ್ಸ್, ಯುದ್ಧವಾಗುತ್ತದೆಯೇ, ಕರೆಸಿಕೊಳ್ಳಲೇ?

"ಏನೂ ಆಗಲ್ಲಮ್ಮ, ನೆಮ್ಮದಿಯಾಗಿರಿ" ಅಂದಿರಿ. ಎಲ್ಲರೂ ಚಪ್ಪಾಳೆ ತಟ್ಟಿದರು. ಊರಿಗೆ ಬರಲು ಹೊರಟು ನಿಂತಿದ್ದ ಮಗಳಿಗೆ ನಾನೇ ಫೋನ್ ಮಾಡಿ, "ತಿಳಿದೋರೇ ಹೇಳಿದ್ದಾರೆ, ಸುಮ್ನೆ ಅಲ್ಲೇ ಇರೇ" ಎಂದು ಗದರಿಸಿದೆ.

ಬಾಂಬು ಬಿದ್ದ ಆಸ್ಪತ್ರೆಯಿಂದ ಮೊನ್ನೆ ಅವಳ ಸೂಟ್‌ಕೇಸ್ ಮಾತ್ರ ಬಂತು. ಮಡಚಿಟ್ಟ ಬಟ್ಟೆ ಮಡಚಿದಂತೆಯೇ ಇದೆ.

ನಿಮ್ಮನ್ನು ದೂರುತ್ತಿಲ್ಲ. ಮೈಕ್ ರಿಪೇರಿ ಮಾಡಿಸಿದ್ದೇನೆ, ಕುಡಿಯಲು ಬಿಸಿನೀರು ಇಟ್ಟಿರುತ್ತೇನೆ. ಅಂಥದ್ದೇ ಚೀಟಿ ಬಂದರೆ, ಗೊತ್ತಿಲ್ಲದಿದ್ದರೆ, "ಗೊತ್ತಿಲ್ಲಮ್ಮ" ಅಂದುಬಿಡಿ ಸಾರ್. ಅಂದು ಅಷ್ಟು ಹೇಳಿದ್ದರೂ ಅವಳನ್ನು ಕರೆಸಿಕೊಳ್ಳುತ್ತಿದ್ದೆ.

ಇಂತಿ,
ಚೀಟಿ ಕೊಡುವವಳು