ನೋಡದೆ ಸಹಿ ಹಾಕುವುದಿಲ್ಲ

ಮಾರ್ಚ್ 4, ಸಂಜೆ 6.30

ಇವತ್ತು ಐದು ಲಿಫ್ಟ್. ನಾಲ್ಕು ಪಾಸು, ಒಂದು ಫೇಲು. ಫೇಲಾದದ್ದು ಕಣ್ಣಾಸ್ಪತ್ರೆ ಹಿಂದಿನ ಲಾಡ್ಜಿನದು. ಉಕ್ಕಿನ ಹಗ್ಗದಲ್ಲಿ ಅಲ್ಲಲ್ಲಿ ಎಳೆ ಕಡಿದಿತ್ತು. ಮ್ಯಾನೇಜರ್ ಟೀ ತರಿಸುತ್ತೇನೆ ಅಂದ. ಟೀ ಬೇಡ, ಹಗ್ಗ ತರಿಸಿ ಅಂದೆ. ಲಿಫ್ಟಿನ ತಳದ ಗುಂಡಿಯಿಂದ ಮೇಲೆ ಹತ್ತುವಾಗ ಮೊಣಕಾಲು ಕಟಕ್ ಅಂತು. ಈ ಗುಂಡಿಗಳಿಗೆ ಇಳಿಯಲು ಶುರು ಮಾಡಿ ಇಪ್ಪತ್ತೊಂದು ವರ್ಷ...

ಆಫೀಸಿಗೆ ಬಂದರೆ ಮೇಜಿನ ಮೇಲೊಂದು ಕವರು. ಲಿಫ್ಟ್ ಸುರಕ್ಷತಾ ಪ್ರಾಧಿಕಾರಕ್ಕೆ — ಅಂದರೆ ನಮಗೆ — ವಿಷನ್ನೂ ಮಿಷನ್ನೂ ಬೇಕಂತೆ. ಹೊಸ ಅಧ್ಯಕ್ಷೆಯ ಆದೇಶ. ಐದು ಜನರ ಸಮಿತಿ. ತಪಾಸಕರ ಪರವಾಗಿ ನಾನು. ಯಾಕೆ ನಾನು? ಬಹುಶಃ ಉಳಿದವರೆಲ್ಲ ರಜೆ ಹಾಕಿದ್ದರು.

ಜೊತೆಯ ತಪಾಸಕ ಗ್ರೀಸಣ್ಣ ಬಿದ್ದು ಬಿದ್ದು ನಕ್ಕ. ಎಷ್ಟು ತೊಳೆದರೂ ಕೈಯ ಗ್ರೀಸ್ ಹೋಗದವನು, ಅದಕ್ಕೇ ಆ ಹೆಸರು. "ಅಕ್ಕಾ, ಮೊದ್ಲು ಟಾರ್ಚಿಗೆ ಸೆಲ್ ಕೊಡ್ಸೋಕೆ ಹೇಳಿ. ವಿಷನ್ ತಾನಾಗೇ ಬರುತ್ತೆ."

ಮಾರ್ಚ್ 11, ಸಂಜೆ

ಮೊದಲ ಸಭೆ. ಎಸಿ ರೂಮು, ಬಿಸ್ಕತ್ತು. ಹೊರಗಿನಿಂದ ಕರೆಸಿದ ಸಲಹೆಗಾರ ಎಲ್ಲರಿಗೂ ಬಣ್ಣದ ಚೀಟಿ ಹಂಚಿದ. ಮನಸ್ಸಿಗೆ ಬಂದ ಒಂದು ಪದ ಬರೆಯಬೇಕು. ಶ್ರೇಷ್ಠತೆ, ಪಾರದರ್ಶಕತೆ, ನಾವೀನ್ಯ... ಗೋಡೆ ತುಂಬಿತು. ನಾನು 'ಬ್ರೇಕ್' ಅಂತ ಬರೆದೆ. ಅವನು ಎರಡು ಸಲ ಓದಿ, ಎಲ್ಲಿ ಅಂಟಿಸಬೇಕೋ ತಿಳಿಯದೆ ಜೇಬಿಗೆ ಹಾಕಿಕೊಂಡ.

ಕೊನೆಗೆ ಉಪನಿರ್ದೇಶಕರು ತಾವೇ ಬರೆದು ತಂದಿದ್ದ ಕರಡು ಓದಿದರು. "ಉದ್ಯಮಸ್ನೇಹಿ ವಾತಾವರಣದಲ್ಲಿ ಜಾಗತಿಕ ಗುಣಮಟ್ಟದ ಲಂಬ ಸಾರಿಗೆ ಸುರಕ್ಷತೆಯನ್ನು ಖಾತ್ರಿಪಡಿಸಲಾಗುವುದು." ಲಂಬ ಸಾರಿಗೆ ಅಂದರೆ ಲಿಫ್ಟು. ಎಲ್ಲರೂ ತಲೆ ಆಡಿಸಿದರು. ನಾನೂ ಆಡಿಸಿದೆ. ಸುಳ್ಳು ಯಾಕೆ ಬರೆಯಲಿ.

ಮನೆಗೆ ಬಂದು ಅತ್ತೆಗೆ ಓದಿ ಹೇಳಿದೆ. ಮೂವತ್ತು ವರ್ಷ ಮಕ್ಕಳಿಗೆ ವ್ಯಾಕರಣ ಕಲಿಸಿದವರು. ಕನ್ನಡಕ ಏರಿಸಿ ಚೀಟಿ ಇಸಿದುಕೊಂಡರು.

"ಕರ್ತೃ ಎಲ್ಲಮ್ಮಾ?"

"ಏನು ಅತ್ತೆ?"

"ಖಾತ್ರಿಪಡಿಸಲಾಗುವುದು ಅಂತಿದೆ. ಯಾರು ಪಡಿಸೋದು? ಲಾಗುವುದು, ಲಾಗುವುದು... ನಾಳೆ ಲಿಫ್ಟ್ ಬಿದ್ರೆ ಯಾರನ್ನ ಕೇಳಬೇಕು? ಈ ವಾಕ್ಯದಲ್ಲಿ ಒಬ್ಬ ಮನುಷ್ಯನೂ ಇಲ್ಲ."

ಇವರು ಪೇಪರಿನ ಹಿಂದಿನಿಂದಲೇ, "ಅಮ್ಮಾ, ಅದು ಸರ್ಕಾರಿ ವಾಕ್ಯ. ಮನುಷ್ಯರಿದ್ರೆ ತಪ್ಪಾಗುತ್ತೆ" ಅಂದರು. ಅತ್ತೆ ನಗಲಿಲ್ಲ. ಕೆಂಪು ಪೆನ್ನು ಹುಡುಕಿ 'ಲಾಗುವುದು' ಪದದ ಸುತ್ತ ಗೆರೆ ಎಳೆದರು.

ಮಾರ್ಚ್ 15, ಬೆಳಿಗ್ಗೆ 6

ನಾಲ್ಕು ದಿನದಿಂದ ಅದೇ ತಲೆಯಲ್ಲಿ. 'ನಾವು' ಅಂತ ಶುರು ಮಾಡಿ ಬರೆದೆ, ಹರಿದೆ, ಬರೆದೆ. ಈಗ ನಿಂತಿರುವುದು ಇಷ್ಟು:

ಮಗುವೂ ಮುದುಕಿಯೂ ಹೆದರದೆ ಲಿಫ್ಟ್ ಹತ್ತುವ ಊರು — ಇದು ವಿಷನ್.

ಪ್ರತಿ ಲಿಫ್ಟನ್ನೂ ನಾವು ಕಣ್ಣಾರೆ ನೋಡುತ್ತೇವೆ. ನೋಡದೆ ಸಹಿ ಹಾಕುವುದಿಲ್ಲ. ಕಂಡದ್ದನ್ನು ಮುಚ್ಚಿಡುವುದಿಲ್ಲ — ಇದು ಮಿಷನ್.

ಅತ್ತೆ ಓದಿ, "ಕರ್ತೃ ಸಿಕ್ಕಿದಾನೆ" ಅಂದರು. ಅವರ ಬಾಯಲ್ಲಿ ಅದು ಫಸ್ಟ್ ಕ್ಲಾಸ್ ಇದ್ದ ಹಾಗೆ.

ನನಗೆ ಮಾತ್ರ 'ನೋಡದೆ ಸಹಿ ಹಾಕುವುದಿಲ್ಲ' ಅನ್ನುವುದನ್ನು ಜೋರಾಗಿ ಓದಲು ಆಗುತ್ತಿಲ್ಲ. ಆರು ವರ್ಷದ ಹಿಂದೆ ಒಂದೇ ದಿನ ಹನ್ನೊಂದು ಸರ್ಟಿಫಿಕೇಟಿಗೆ ಸಹಿ ಹಾಕಿದ್ದೆ. ನೋಡಿದ್ದು ಮೂರೇ. ವರ್ಷಾಂತ್ಯ, ಬಾಕಿ ಇರಬಾರದು ಅಂತ ಮೇಲಿನ ಒತ್ತಡ. ಮೂರು ವಾರಕ್ಕೆ ನೋಡದ ಎಂಟರಲ್ಲೊಂದು, ಜವಳಿ ಅಂಗಡಿಯದು, ಬ್ರೇಕ್ ಹಿಡಿಯದೆ ಎರಡನೇ ಮಹಡಿಯಿಂದ ಜಾರಿತು. ಒಳಗೆ ಗುಡಿಸುವ ಹೆಂಗಸೊಬ್ಬಳು. ಕಾಲಿನ ಗಂಟು ಮುರಿಯಿತು. ವಿಚಾರಣೆಯಲ್ಲಿ ಬ್ರೇಕ್ ಕಂಪನಿಯದ್ದೇ ತಪ್ಪು ಅಂತಾಯಿತು. ನನ್ನನ್ನು ಯಾರೂ ಕೇಳಲೇ ಇಲ್ಲ.

ಇವರಿಗೂ ಹೇಳಿಲ್ಲ. ಇಲ್ಲಿ ಬರೆದದ್ದೂ ಇದೇ ಮೊದಲು.

ಮಾರ್ಚ್ 27, ಸಂಜೆ 7

ಇವತ್ತಿನದು ಇವತ್ತೇ ಬರೆಯಬೇಕು.

ಎರಡನೇ ಸಭೆ. ಅಧ್ಯಕ್ಷೆಯೂ ಬಂದಿದ್ದರು. ನನ್ನ ವಾಕ್ಯಗಳನ್ನು ಓದಿದೆ. ಸಲಹೆಗಾರನಿಗೆ ಇಷ್ಟವಾಯಿತು. ಉಪನಿರ್ದೇಶಕರಿಗೆ ಆಗಲಿಲ್ಲ.

"ಮೇಡಂ, ಇದು ನಮ್ಮ ಕೈಗೆ ನಾವೇ ಕೋಳ ಹಾಕ್ಕೊಂಡಂಗೆ. ಇರೋದು ಆರು ಜನ ತಪಾಸಕರು. ಬಾಕಿ ನಾನೂರ ಹನ್ನೆರಡು ಲಿಫ್ಟು. ಎಲ್ಲಾನೂ ಕಣ್ಣಾರೆ ನೋಡ್ತೀವಿ ಅಂತ ಗೋಡೆ ಮೇಲೆ ಬರೆದ್ರೆ ನಾಳೆ ಕೋರ್ಟಲ್ಲಿ ಇದನ್ನೇ ನಮ್ಮ ಮುಖಕ್ಕೆ ಹಿಡೀತಾರೆ." ಆಮೇಲೆ ನನ್ನ ಕಡೆ ತಿರುಗಿ, "ನೀವು ಇಷ್ಟು ವರ್ಷದಲ್ಲಿ ನೋಡದೆ ಸಹಿ ಹಾಕೇ ಇಲ್ವಾ?"

ಹೇಳಬಹುದಿತ್ತು, ಇಲ್ಲ ಸರ್ ಅಂತ. ಮಾತು ಅಲ್ಲಿಗೇ ಮುಗಿಯುತ್ತಿತ್ತು.

"ಹಾಕಿದೀನಿ ಸರ್" ಅಂದೆ. "ಎಂಟಕ್ಕೆ. ಒಂದೇ ದಿನ." ಜವಳಿ ಅಂಗಡಿ, ಆ ಹೆಂಗಸು, ಅವಳ ಕಾಲು — ಎಲ್ಲ ಹೇಳಿದೆ. ಯಾರ ಒತ್ತಡ ಅಂತ ಹೇಳಲಿಲ್ಲ. ಪೆನ್ನು ನನ್ನ ಕೈಯಲ್ಲಿತ್ತು, ಸಹಿ ನನ್ನದು. "ಆ ದಿನ ಗೋಡೆ ಮೇಲೆ ಈ ವಾಕ್ಯ ಇದ್ದಿದ್ರೆ, ಅದನ್ನ ತೋರಿಸಿ ಆಗಲ್ಲ ಅಂತಿದ್ದೆ. ನನ್ನ ಹತ್ರ ತೋರಿಸೋಕೆ ಏನೂ ಇರಲಿಲ್ಲ."

ಕೆಲಸ ಹೋಯಿತು ಅಂದುಕೊಂಡೆ.

ಆಗ ಉಪನಿರ್ದೇಶಕರು ಎದ್ದು ನಿಂತರು. "ಮೇಡಂ, ಹನ್ನೊಂದೂ ಇವತ್ತೇ ಮುಗೀಬೇಕು ಅಂದೋನು ನಾನು. ಇವರು ಎರಡು ಸಲ ಬೇಡ ಅಂದ್ರು. ಮಿನಿಟ್ಸಲ್ಲಿ ಬರೆಸಿ."

ಆರು ವರ್ಷ ಈ ಮನುಷ್ಯನನ್ನು ಬೈದುಕೊಂಡಿದ್ದೆ. ಇವತ್ತು ಬೈಯಲು ಬಾಯೇ ಬರಲಿಲ್ಲ.

ಅಧ್ಯಕ್ಷೆ ಫೈಲು ಮುಚ್ಚಿದರು. "ಇಬ್ಬರೂ ಲಿಖಿತವಾಗಿ ಕೊಡಿ. ವಿಚಾರಣೆ ಆಗುತ್ತೆ. ವಾಕ್ಯ ಇರಲಿ. ಒಂದು ಅಕ್ಷರಾನೂ ಬದಲಾಯಿಸೋದು ಬೇಡ."

ಮಾರ್ಚ್ 28

ಮನೆಯಲ್ಲಿ ಹೇಳಿಬಿಟ್ಟೆ. ಇವರು ಪೇಪರು ಮಡಚಿಟ್ಟರು. ಅತ್ತೆ ಬಂದು ಪಕ್ಕದಲ್ಲಿ ಕೂತರು. "ತಪ್ಪು ಮಾಡಿದ್ದೆ, ಒಪ್ಕೊಂಡೆ. ನಿನ್ನನ್ನ ನಮ್ಮ ಸೊಸೆ ಅಂತ ಹೇಳ್ಕೊಳೋಕೆ ನಂಗೇನೂ ನಾಚಿಕೆ ಇಲ್ಲ." ಸ್ವಲ್ಪ ಬಿಟ್ಟು, "ಆ ಹೆಂಗಸನ್ನ ನೋಡ್ಕೊಂಡು ಬಾ" ಅಂದರು.

ಏಪ್ರಿಲ್ 6, ಭಾನುವಾರ

ಹೋಗಿದ್ದೆ. ಈಗ ಮಗಳ ಜೊತೆ ಹೂವಿನ ಅಂಗಡಿ ಇಟ್ಟಿದ್ದಾಳೆ. ನಡೆಯುವಾಗ ಒಂದು ಕಾಲು ಎಳೆಯುತ್ತಾಳೆ. ಹೇಳಿದೆ. ಕೇಳಿಸಿಕೊಂಡಳು. ಕ್ಷಮಿಸಿದೆ ಅನ್ನಲಿಲ್ಲ. "ಈಗ ನೋಡ್ತೀರಾ?" ಅಂದಳು. ನೋಡುತ್ತೇನೆ ಅಂದೆ. "ಹಂಗಾದ್ರೆ ಸರಿ" ಅಂತ ಹೂ ಕಟ್ಟಲು ಶುರು ಮಾಡಿದಳು.

ಏಪ್ರಿಲ್ 22, ಮಧ್ಯಾಹ್ನ 3

ವಿಚಾರಣೆ ಮುಗಿಯಿತು. ನನಗೂ ಉಪನಿರ್ದೇಶಕರಿಗೂ ಲಿಖಿತ ಎಚ್ಚರಿಕೆ. ಸರ್ವಿಸ್ ಬುಕ್ಕಿನಲ್ಲಿ ಕೆಂಪು ಅಕ್ಷರ. ಇರಲಿ, ಅದು ಅಲ್ಲಿರಬೇಕಾದದ್ದೇ.

ನಿನ್ನೆಯದು ಬರೆಯದಿದ್ದರೆ ಹೊಟ್ಟೆ ಒಡೆಯುತ್ತದೆ. ಮಂತ್ರಿಗಳ ಕಟ್ಟಡದ ಲಿಫ್ಟಿನ ಅವಧಿ ಮುಗಿದಿತ್ತು. ಅವರ ಆಪ್ತ ಕಾರ್ಯದರ್ಶಿ ಸರ್ಟಿಫಿಕೇಟ್ ಕಳಿಸಿಕೊಡಿ ಅಂತ ಫೋನ್ ಮಾಡಿದರು. ಕಳಿಸಿಕೊಡಿ! ನಾನೂ ಗ್ರೀಸಣ್ಣನೂ ಹೋದೆವು. ಮೂರನೇ ಮಹಡಿಯಲ್ಲಿ ಬಾಗಿಲು ಎಳೆದೆ, ತೆರೆದುಕೊಂಡಿತು. ಲಿಫ್ಟ್ ಇನ್ನೂ ಕೆಳಗೇ ಇದೆ. ಎದುರಿಗೆ ಬರೀ ಬಾವಿ. ಬಾಗಿಲ ಲಾಕು ಕೆಟ್ಟಿತ್ತು. ಲಾಕು ಬೀಳದಿದ್ದರೆ ಲಿಫ್ಟ್ ಓಡುವುದಿಲ್ಲ, ಹೇಗಾದರೂ ಓಡಲಿ ಅಂತ ಯಾರೋ ಅದಕ್ಕೆ ತುಂಡು ವೈರ್ ಸುತ್ತಿದ್ದರು. ಆ ಮಹಡಿಯಲ್ಲಿ ದಿನಾ ಅರ್ಜಿ ಹಿಡಿದ ಜನ ನೂಕಾಡುತ್ತಾರೆ.

ಬೀಗ ಹಾಕಿ ನೋಟಿಸ್ ಅಂಟಿಸಿದೆ. ಕಾರ್ಯದರ್ಶಿ ಕೆಂಡವಾದರು. "ಸಾಹೇಬ್ರು ಐದು ಮಹಡಿ ಹತ್ತಬೇಕಾ? ನಿಮ್ಮ ಮೇಲಿನೋರಿಗೆ ಮಾತಾಡ್ತೀನಿ!"

"ಮಾತಾಡಿ ಸರ್."

ಅಲ್ಲೇ ಉಪನಿರ್ದೇಶಕರಿಗೆ ಫೋನ್ ಹಚ್ಚಿದರು. ಸ್ಪೀಕರ್ ಬೇರೆ. ಆ ಕಡೆಯಿಂದ ನಿಧಾನವಾಗಿ ದನಿ ಬಂತು: "ನಮ್ಮ ತಪಾಸಕರು ನೋಡಿದಾರಾ? ನೋಡಿ ಬೇಡ ಅಂದಿದಾರಾ? ಹಾಗಾದ್ರೆ ಬೇಡ."

ಗ್ರೀಸಣ್ಣ ಮೆಟ್ಟಿಲಿಳಿಯುವಾಗ ಶಿಳ್ಳೆ ಹಾಕಿದ. ನಾನು ಸುಮ್ಮನಿರು ಅಂದೆ. ನನಗೂ ಹಾಕಬೇಕು ಅನ್ನಿಸಿತ್ತು... ಬರುವುದಿಲ್ಲ.

ಮೇ 2, ಸಂಜೆ

ಬೋರ್ಡು ಎದ್ದಿತು. ಒಳಗಿನ ಗೋಡೆಯ ಮೇಲಲ್ಲ. ಜನ ಕಾಣುವ ಹಾಗೆ ರಸ್ತೆ ಬದಿಗೇ. ಕೆಳಗೆ ಇನ್ನೂ ನೋಡದ ಲಿಫ್ಟುಗಳ ಸಂಖ್ಯೆ, ಪ್ರತಿ ಸೋಮವಾರ ಬದಲಾಗಬೇಕು. ಇವತ್ತಿಗೆ 371. ಅದು ಉಪನಿರ್ದೇಶಕರದೇ ಸಲಹೆ. "ಮುಚ್ಚಿಡುವುದಿಲ್ಲ ಅಂದ ಮೇಲೆ ಇದನ್ನೂ ಯಾಕೆ ಮುಚ್ಚಿಡೋದು?" ಅಂದರಂತೆ. ಹೊಸ ತಪಾಸಕರು ನಾಲ್ವರು ಮುಂದಿನ ತಿಂಗಳು ಬರುತ್ತಾರೆ.

ಅತ್ತೆಯನ್ನು ಕರೆದುಕೊಂಡು ಹೋಗಿದ್ದೆ. ಫುಟ್‌ಪಾತ್ ಮೇಲೆ ನಿಂತು ಜೋರಾಗಿ ಓದಿದರು, ತರಗತಿಯಲ್ಲಿ ಓದುವ ಹಾಗೆ. ಹೋಗುವವರು ಬರುವವರೆಲ್ಲ ನಿಂತರು. ಅಧ್ಯಕ್ಷೆ ಹೊರಗೆ ಬಂದು ಯಾರು ಇವರು ಅಂತ ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಅತ್ತೆ, "ಇದನ್ನ ಬರೆದೋಳ ಅತ್ತೆ" ಅಂದರು.

ನೆಲದ ಮೇಲೆ ಕಾಲಿರಲಿಲ್ಲ ನನಗೆ.

ಮೇ 5, ಬೆಳಿಗ್ಗೆ 9.10

ಆಫೀಸಿನಲ್ಲೇ ಬರೆಯುತ್ತಿದ್ದೇನೆ. ಬಂದು ಚೀಲ ಇಟ್ಟೆನಷ್ಟೆ, ಫೋನು. ವಯಸ್ಸಾದ ಗಂಡಸಿನ ದನಿ.

"ನೋಡಿಯಮ್ಮಾ, ನಾನು ಏಳನೇ ಮಹಡಿಯೋನು. ನಿಮ್ಮ ಬೋರ್ಡ್ ಓದಿದೆ. ನಮ್ಮ ಲಿಫ್ಟ್ ಒಳಗೆ ಅಂಟಿಸಿರೋ ಕಾಗದದಲ್ಲಿ ಒಂದು ಸಹಿ ಇದೆ. ಯಾರದ್ದೋ ಗೊತ್ತಿಲ್ಲ. ಅವರು ನಿಜವಾಗ್ಲೂ ಬಂದು ನೋಡಿದ್ರಾ ಅಂತ ತಿಳ್ಕೋಬೇಕಿತ್ತು."

ಕಟ್ಟಡ ಯಾವುದು ಕೇಳಿದೆ. ಹೇಳಿದರು. ಜನವರಿಯಲ್ಲಿ ಹೋಗಿದ್ದು. ಗುಂಡಿಯಲ್ಲಿ ಮೊಣಕಾಲುದ್ದ ನೀರು. ಪಂಪ್ ಹಾಕಿಸಿ, ಒಣಗಿದ ಮೇಲೆ ಎರಡನೇ ಸಲ ಹೋಗಿ ಇಳಿದಿದ್ದೆ.

"ಆ ಸಹಿ ನಂದೇ ಸರ್. ನೋಡಿದೀನಿ. ಕೆಳಗಿಳಿದು ನೋಡಿದೀನಿ. ನೀವು ಧೈರ್ಯವಾಗಿ ಹತ್ತಿ."

"ಹೌದಾ" ಅಂದರು. ಮತ್ತೆ, "ಹೌದಾ..." ಫೋನ್ ಇಡಲಿಲ್ಲ. ಹೆಂಡತಿಗೆ ಹೇಳುವುದು ಕೇಳಿಸಿತು: "ನೋಡಿದಾರಂತೆ ಕಣೇ. ಚಪ್ಪಲಿ ಹಾಕ್ಕೊ."

ಈ ಇಪ್ಪತ್ತೊಂದು ವರ್ಷದಲ್ಲಿ ನನ್ನ ಸಹಿಯ ಬಗ್ಗೆ ಜನ ಯಾರೂ ಕೇಳಿರಲಿಲ್ಲ. ಕೇಳಿದ ದಿನ ಉತ್ತರ ಇತ್ತು. ಗ್ರೀಸಣ್ಣನಿಗೆ ಹೇಳಬೇಕು, ಅತ್ತೆಗೆ ಹೇಳಬೇಕು... ಅಯ್ಯೋ, ಮತ್ತೆ ಫೋನು. ಇನ್ನೊಬ್ಬರು, ಸಹಿ ಯಾರದು ಅಂತಲೇ —