ತಾಳೆ ಹೂ ಬಿಟ್ಟ ವಾರ

ಹೆರೆನ್‌ಹೌಸನ್, ಹ್ಯಾನೋವರ್
14 ಜೂನ್ 1853

ಪ್ರೀತಿಯ ಮಗಳು ಯೆಟ್ಟೆಗೆ,

ಹೇಗಿದ್ದೀಯೇ? ಕೆಮ್ಮು ವಾಸಿಯಾಯಿತೇ? ಹ್ಯಾಂಬರ್ಗಿನ ಆ ಗಾಳಿಯಲ್ಲಿ ಕತ್ತಿಗೆ ಏನೂ ಸುತ್ತಿಕೊಳ್ಳದೆ ಓಡಾಡುತ್ತೀಯೆಂದು ನನಗೆ ಗೊತ್ತು. ನಿನ್ನ ಗಂಡ ಕಾರ್ಸ್ಟನ್‌ಗಾದರೂ ಹೇಳು, ಗದರಿಸಲಿ. ನಾವಿಬ್ಬರೂ ಗುಂಡುಕಲ್ಲಿನ ಹಾಗಿದ್ದೇವೆ.

ಸುದ್ದಿಯೆಂದರೆ, ಅರಮನೆ ತೋಟದ ಗಾಜಿನಮನೆಯ ಆ ಹೆಸರಿಲ್ಲದ ತಾಳೆ ಕೊನೆಗೂ ಹೂ ಬಿಟ್ಟಿದೆ! ನೀನು ಹುಟ್ಟಿದ ವರ್ಷ ಬ್ರೆಜಿಲ್‌ನಿಂದ ಬೀಜವಾಗಿ ಬಂದದ್ದು. ಹೂ ನೋಡದೆ ಹೆಸರಿಡಬಾರದೆಂದು ನಿಮ್ಮಪ್ಪ ಇಷ್ಟು ವರ್ಷ ಕಾದರು. ಹೋದ ಬುಧವಾರ ಬೆಳಿಗ್ಗೆ ಒಂದೇ ಕಾಲಿಗೆ ಬೂಟು ಹಾಕಿಕೊಂಡು ಓಡಿಬಂದು, "ಏ ಫ್ರೀಡಾ, ಬಾರೇ, ಬಿಡ್ತು ಕಣೇ!" ಎಂದು ಎಳೆದೊಯ್ದರು. ಹಿಟ್ಟು ಮೆತ್ತಿದ ಕೈಯಲ್ಲೇ ಹೋದೆ. ಅಷ್ಟೆತ್ತರದ ಮರಕ್ಕೆ ಸಾಸಿವೆ ಕಾಳಿನಂಥ ಹೂವು! ನಗು ಬಂತು. ಆದರೆ ಅವರ ಕಣ್ಣು ತುಂಬಿತ್ತು.

ಅವರ ಸಸ್ಯಗ್ರಂಥಕ್ಕೆ ಚಿತ್ರ ಬೇಕಲ್ಲ, ಅರಮನೆಯ ಚಿತ್ರಕಾರ ಬಂದ. "ಇವ್ನು ಹೂ ಬರ್ದಿದಾನೋ, ರಾಣಿಯೋರ ಲೇಸು ಬರ್ದಿದಾನೋ!" ಎಂದು ನಿಮ್ಮಪ್ಪ ರೇಗಿ ಅವನನ್ನು ಕಳಿಸಿಬಿಟ್ಟರು. ಮೊದಲಾದರೆ ನೀನೇ ಬರೆಯುತ್ತಿದ್ದೆ. ನಿನ್ನ ಹೆಸರು ನಾಲಿಗೆಯ ತುದಿಗೆ ಬಂತು, ನುಂಗಿಕೊಂಡೆ. "ಅರಸರ ತೋಟಗಾರನ ಮಗಳು ಅಂಗಡೀಲಿ ಕೂತು ಕುಂಡಕ್ಕೆ ಬೆಲೆಚೀಟಿ ಕಟ್ಟೋದಾ?" ಎಂದು ಕೂಗಾಡಿ ನಿನ್ನ ಮದುವೆಗೂ ಬಾರದವರು, ಆಮೇಲೆ ನಿನ್ನ ಹೆಸರೆತ್ತಲು ಬಿಟ್ಟಿಲ್ಲ. ಅಳಿಯನೂ ಗಿಡ ಬೆಳೆಸುವವನೇ, ಆದರೂ ಅದನ್ನು ಅಂಗಡಿಯಿಟ್ಟು ಮಾರುವವನೆಂದರೆ ಇವರಿಗಾಗದು. ಎಂಥಾ ಮೊಂಡರಪ್ಪಾ! ಇದೊಂದು ಕೊರಗು ಬಿಟ್ಟರೆ ನನಗೆ ಯಾವ ಕೊರತೆಯೂ ಇಲ್ಲ.

ಅರಮನೆಯವರಿಗಂತೂ ಬಲು ಖುಷಿ. ತಾಳೆಗೆ ರಾಣಿಯವರ ಹೆಸರು. ಏನು ಬಹುಮಾನ ಬೇಕೆಂದು ಹೇಳಿಕಳಿಸಿದ್ದರು. ಪದಕ ಕೇಳಿ, ಭಾನುವಾರ ಚರ್ಚಿಗೆ ಹಾಕ್ಕೊಳ್ಳಿ ಎಂದೆ. ನಿನ್ನೆ ಹೋಗಿ ಏನೋ ಕೇಳಿಬಂದಿದ್ದಾರೆ, ಬಾಯಿ ಮಾತ್ರ ಬಿಡುತ್ತಿಲ್ಲ.

ದೇವರು ನಿಮ್ಮಿಬ್ಬರನ್ನೂ ತಣ್ಣಗಿಟ್ಟಿರಲಿ. ಕತ್ತಿಗೆ ಸುತ್ತಿಕೋ.

ನಿನ್ನ ಅಮ್ಮ,
ಫ್ರೀಡಾ

ತಾ.ಕ.: ಲಕೋಟೆ ಅಂಟಿಸುವಷ್ಟರಲ್ಲಿ ನಿಮ್ಮಪ್ಪ ಬಂದರು. ಗುರುವಾರದ ರೈಲಿಗೆ ಹೊರಟಿದ್ದಾರೆ ಕಣೇ, ನಿನ್ನಲ್ಲಿಗೇ! ಬಣ್ಣ, ಕುಂಚ ತೆಗೆದಿಡು. ಹೂಗೊಂಚಲನ್ನು ಒದ್ದೆ ಪಾಚಿಯಲ್ಲಿ ಸುತ್ತಿ ಬುಟ್ಟಿಗಿಟ್ಟರು. ಪಕ್ಕದಲ್ಲಿ ನೋಡಿದರೆ ಅನಾನಸು! ಅರಸರ ಊಟದ ಮೇಜಿಗಲ್ಲದೆ ಹೊರಗೆ ಹೋಗದ ಹಣ್ಣು, ಬೆಳೆಸಿದ ನಮಗೇ ಒಂದು ಹೋಳು ಸಿಕ್ಕಿಲ್ಲ. ಬಹುಮಾನವಾಗಿ ಕೇಳಿದ್ದು ಅದನ್ನಂತೆ. ಯಾರಿಗ್ರೀ ಇದು ಎಂದೆ. ನನ್ನ ಮುಖ ನೋಡದೆಯೇ ಹೇಳಿದರು: "ಅಳಿಯನ ಮನೆಗೆ ಮೊದಲ್ನೇ ಸಲ ಬರಿಗೈಲಿ ಹೋಗ್ಲೇನೇ?"